ದಪ್ಪ ಕಲಾಯಿ

ನಾನು ಕೆಮಿಸ್ಟ್ರಿ ಕಲಿಸುವವಳು. ಹಾನಗಲ್ಲಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಲವಣಗಳ ಪರೀಕ್ಷೆ ಮಾಡಿಸುತ್ತ, 'ಬಾಯಿಗೆ ಇಟ್ಟೀರಿ ಜೋಕೆ, ಮೂಸಿ ನೋಡೀರಿ ಜೋಕೆ' ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಹೊಟ್ಟೆಪಾಡು. ಇಂಥವಳ ಅಡುಗೆಮನೆಯಲ್ಲಿ, ಗ್ಯಾಸ್ ಕಟ್ಟೆಯ ಪಕ್ಕದಲ್ಲೇ, ದಿನಕ್ಕೊಂದು ತಂಬಿಗೆ ತಾಮ್ರದ ಲವಣ ತಯಾರಾಗುತ್ತಿತ್ತು, ಅದನ್ನು ನಮ್ಮಪ್ಪ ಔಷಧವೆಂದು ಕುಡಿಯುತ್ತಿದ್ದ ಎಂದರೆ ನೀವು ನಗುತ್ತೀರಿ. ನಗಿರಿ. ಈಗ ನಾನೂ ನಗುತ್ತೇನೆ. ಆಗ ಮಾತ್ರ ಅವ್ವನ ಹಿಂದೆ ಅಪ್ಪನೂ ಹೊರಟುಬಿಟ್ಟನಲ್ಲ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೆ.

ತಂಬಿಗೆ ಅವ್ವನದು. ಸವಣೂರಿನ ತವರಿನಿಂದ ಮದುವೆಯಲ್ಲಿ ಬಂದದ್ದು. ಹೊರಗೆ ಕೆಂಪು ತಾಮ್ರ, ಕೊರಳ ಹತ್ತಿರ ಒಂದು ತಗ್ಗು (ನಾನು ಹುಡುಗಿಯಿದ್ದಾಗ ಅದನ್ನು ಬಾವಿಕಟ್ಟೆಯಿಂದ ಉರುಳಿಸಿದ್ದರ ಗುರುತು), ಒಳಗೆ ಮಾತ್ರ ಬೆಳ್ಳಗೆ ಕಲಾಯಿ. ಕಲಾಯಿ ಅಂದರೆ ತಾಮ್ರದ ಒಳಮೈಗೆ ಬಳಿಯುವ ತೆಳ್ಳನೆಯ ಟಿನ್ ಪದರ. ಹುಳಿ ಪದಾರ್ಥ ತಾಮ್ರಕ್ಕೆ ತಾಗದಂತೆ ಅದು ನಡುವೆ ನಿಲ್ಲುತ್ತದೆ. ತಿಕ್ಕಿ ತೊಳೆದಂತೆಲ್ಲ ಸವೆಯುವುದರಿಂದ ಆಗಾಗ ಹೊಸದಾಗಿ ಹಾಕಿಸಬೇಕು. ಅವ್ವ ಯುಗಾದಿ ಹತ್ತಿರ ಬಂತೆಂದರೆ ಶುರು ಮಾಡುತ್ತಿದ್ದಳು.

"ಏನ್ರಿ, ಕಲಾಯಿ ಆಗ್ಬೇಕಲ್ರಿ."

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದ. "ಸವಣೂರಿಗೆ ಹೋಗಾಕ ನಿನಗೊಂದು ನೆವ ಬೇಕು, ನೋಡು."

"ಹೂಂ, ಬೇಕು. ಏನೀಗ?"

ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ಅವ್ವ ತಂಬಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ, ಸಂಜೆಗೆ ಕನ್ನಡಿಯಂಥ ಒಳಮೈಯ ತಂಬಿಗೆ, ಒಂದು ಕಟ್ಟು ವೀಳ್ಯದೆಲೆ, ಒಂದು ಪೊಟ್ಟಣ ಸವಣೂರು ಖಾರ ಹಿಡಿದು ವಾಪಸ್ಸಾಗುತ್ತಿದ್ದಳು. ಅಪ್ಪ ಮೊದಲು ಖಾರ ತಿನ್ನುತ್ತಿದ್ದ, ಆಮೇಲೆ 'ಶೋಕಿ ಎಷ್ಟ ನಿಂದು' ಎಂದು ಬೈಯುತ್ತಿದ್ದ.

ಬೆಳಿಗ್ಗೆ ಎದ್ದ ಕೂಡಲೇ ಅವ್ವ ಅದೇ ತಂಬಿಗೆಯಲ್ಲಿ ನೀರು ಹಾಕಿ, ಲಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಬೆರೆಸಿ ಅಪ್ಪನ ಕೈಗೆ ಕೊಡುವ ಪದ್ಧತಿ. ಮದುವೆಯಾದಂದಿನಿಂದ ಅದು ತಪ್ಪಿದ್ದಿಲ್ಲ. ಜಗಳವಾಡಿದ ದಿನವೂ ತಂಬಿಗೆ ಬರುತ್ತಿತ್ತು, ಸ್ವಲ್ಪ ಜೋರಾಗಿ ಕುಕ್ಕಿ ಇಡುತ್ತಿದ್ದಳು ಅಷ್ಟೇ.

ಆಮೇಲೆ ಅವ್ವನಿಗೆ ಹೊಟ್ಟೆಯ ಬೇನೆ ಬಂತು. ವಾಂತಿಯಿಂದ ಶುರುವಾಯಿತು. 'ಪಿತ್ತ ಇರಬೇಕು ಬಿಡು' ಎಂದು ಆಕೆಯೇ ಬಹಳ ದಿನ ತಳ್ಳಿಹಾಕಿದಳು. ಹುಬ್ಬಳ್ಳಿಗೆ ಕರೆದೊಯ್ದಾಗ ತಡವಾಗಿತ್ತು. ಅವ್ವ ಹೋದಳು. ಅಪ್ಪ ಹಾನಗಲ್ಲಿಗೆ, ನನ್ನ ಮನೆಗೆ ಬಂದ. ಬರುವಾಗ ತಂದದ್ದು ಪುಸ್ತಕದ ಒಂದು ಟ್ರಂಕು, ಒಂದು ಭೂತಗನ್ನಡಿ, ಮತ್ತು ಈ ತಂಬಿಗೆ.

ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವ. ಆಡೂರಿನ ಚಾಲುಕ್ಯರ ಕಾಲದ ಶಾಸನಗಳೆಂದರೆ ಅವನಿಗೆ ಬೀಗರ ಮನೆಯಿದ್ದ ಹಾಗೆ, ಯಾವಾಗ ಬೇಕಾದರೂ ಹೊರಟ. ಭೂತಗನ್ನಡಿ ಹಿಡಿದು ಕಲ್ಲಿಗೆ ಮೂಗು ತಾಗಿಸಿ ಕೂತರೆ ಊಟದ ನೆನಪೂ ಇರುವುದಿಲ್ಲ. ಯಾರು ಏನು ಹೇಳಿದರೂ ಅವನ ಬಾಯಿಂದ ಮೊದಲು ಬರುವುದು ಒಂದೇ ಮಾತು: "ಆಧಾರ ಏನು?" ಸಾರಿಗೆ ಉಪ್ಪು ಕಡಿಮೆ ಅಂದರೂ ಆಧಾರ ಕೇಳುವ ಮನುಷ್ಯ. ಇಂಥವನು ಆಧಾರ ಕೇಳದೆ ನಂಬುವುದು ಜಗತ್ತಿನಲ್ಲಿ ಒಂದನ್ನು ಮಾತ್ರ. ಅದು ಕೆರೆ ದಂಡೆಯ ವಾಕಿಂಗ್ ಗೆಳೆಯರ ವಾಟ್ಸಾಪು!

ಆ ಗುಂಪಿಗೆ ಒಂದು ದಿನ ತಾಮ್ರದ ಹುಚ್ಚು ಹತ್ತಿತು. ತಾಮ್ರದ ಪಾತ್ರೆಯಲ್ಲಿ ರಾತ್ರಿ ನೀರು ಇಟ್ಟು ಬೆಳಿಗ್ಗೆ ಕುಡಿದರೆ ಮೊಣಕಾಲು ನೋವಿನಿಂದ ಹಿಡಿದು ಮರೆವಿನವರೆಗೆ ಎಲ್ಲ ಮಾಯ ಎಂದು ಯಾರೋ ವಿಡಿಯೋ ಕಳಿಸಿದರು. ಎಲ್ಲರ ಕೈಯಲ್ಲೂ ತಾಮ್ರದ ಬಾಟಲಿ ಬಂತು. ಅಪ್ಪ ಮಾತ್ರ ಬಾಟಲಿ ಕೊಳ್ಳಲಿಲ್ಲ. 'ನಮ್ಮನಿಯಾಗ ಅಕಿ ತಂಬಿಗಿ ಐತಿ' ಎಂದು ಅದನ್ನೇ ಚೀಲದಲ್ಲಿಟ್ಟುಕೊಂಡು ಕೆರೆ ದಂಡೆಗೆ ಒಯ್ದು ತೋರಿಸಿದ. ಅವರಲ್ಲೊಬ್ಬರು, ಊರ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಠಿ, ಒಳಗೆ ಇಣುಕಿ ಮೂಗು ಮುರಿದರಂತೆ.

"ಏನ್ರಿ ಮಾಸ್ತರ, ಒಳಗ ಬೆಳ್ಳಗೈತಿ. ಇದರಾಗ ತಾಮ್ರದ ಸತ್ವ ಹೆಂಗ ಇಳೀಬೇಕ್ರಿ? ಕಲಾಯಿ ಅಡ್ಡ ಕುಂತೈತಿ."

ಇದೆಲ್ಲ ನನಗೆ ಆಮೇಲೆ ಗೊತ್ತಾದ ಕಥೆ. ಆಗ ನಾನು ಕಂಡದ್ದು ಇಷ್ಟು: ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅಪ್ಪ ಹಿತ್ತಲಕಟ್ಟೆಯ ಮೇಲೆ ಕೂತು, ತಂಬಿಗೆಯನ್ನು ಕಾಲ ನಡುವೆ ಹಿಡಿದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಾನೆ. ಮರುದಿನ ನೋಡಿದರೆ ಬಣ್ಣದ ಅಂಗಡಿಯಿಂದ ಪಾಲಿಶ್ ಕಾಗದ ತಂದಿದ್ದಾನೆ. ಅದರ ಮರುದಿನವೂ ಅದೇ. ಉಸ್ಸಪ್ಪ ಎಂದು ಬೆವರು ಒರೆಸಿಕೊಳ್ಳುತ್ತ, "ಎಂಥ ದಪ್ಪ ಬಳದಾನೋ ಮಾರಾಯ, ಹೋಗವಲ್ದು" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಒಳಗೆ ಹಿಡಿದ ಮಡ್ಡಿಯನ್ನು ಬೈಯುತ್ತಿರಬೇಕೆಂದು ನಾನು ಅಂದುಕೊಂಡೆ. ಅವ್ವನ ತಂಬಿಗೆಯನ್ನು ಎಷ್ಟು ಪ್ರೀತಿಯಿಂದ ಬೆಳಗುತ್ತಾನೆ ಎಂದು ನನ್ನ ಕಣ್ಣು ತುಂಬಿ ಬಂತು. ನನ್ನ ಕಣ್ಣೀರೂ ದಂಡ, ಅವನ ತೋಳಿನ ಶಕ್ತಿಯೂ ದಂಡ.

ತಂಬಿಗೆ ಒಳಗೂ ಹೊರಗೂ ಕೆಂಪಾಯಿತು. ಅಪ್ಪ ಅಲ್ಲಿಗೇ ನಿಲ್ಲಲಿಲ್ಲ. ಬೆಳಿಗ್ಗೆ ಹಿಂಡುವ ಲಿಂಬೆಹಣ್ಣನ್ನು ಮಲಗುವ ಮುಂಚೆಯೇ ಹಿಂಡಿ, ಉಪ್ಪನ್ನೂ ಹಾಕಿ, ಮುಚ್ಚಿಡಲು ಶುರು ಮಾಡಿದ. ಲಿಂಬೆಯ ಗುಣ, ತಾಮ್ರದ ಗುಣ ಎರಡೂ ಒಂದಕ್ಕೊಂದು ಕೂಡಿಕೊಳ್ಳಲಿ ಎಂಬ ದೊಡ್ಡ ಬುದ್ಧಿ. ಕೂಡಿಕೊಂಡವು.

ಕೆಲವೇ ದಿನಕ್ಕೆ ಅಪ್ಪನಿಗೆ ಬೆಳಗಿನ ಹೊಟ್ಟೆ ತೊಳಸು ಶುರುವಾಯಿತು. ಬಾಯಲ್ಲಿ ಹಿತ್ತಾಳೆ ಸೌಟು ಇಟ್ಟುಕೊಂಡ ಹಾಗಾಗುತ್ತದೆ ಎನ್ನುತ್ತಿದ್ದ. ಹೊಕ್ಕುಳ ಸುತ್ತ ಹಿಂಡುತ್ತದೆ ಎನ್ನುತ್ತಿದ್ದ. ತಿಂಡಿ ತಿನ್ನುವ ಮೊದಲೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಳ್ಳುತ್ತಿದ್ದ. ರೊಟ್ಟಿ ಕಂಡರೆ ಮುಖ ತಿರುಗಿಸಿದ. ಅಂಗಿ ಹೆಗಲಿನಿಂದ ಜಾರತೊಡಗಿತು. ಆಡೂರಿನ ಕಡೆಗೆ ಹೋಗುವುದನ್ನೂ ಬಿಟ್ಟ. ನನಗೆ ನಿಜವಾದ ಹೆದರಿಕೆ ಹತ್ತಿದ್ದು ಅವತ್ತು.

ಹಿರೇಕೆರೂರಿನಿಂದ ನಮ್ಮ ಅತ್ತೆ, ಅಂದರೆ ಗಂಡನ ತಾಯಿ, ದಿನಾ ಫೋನು ಮಾಡಿ ಮದ್ದು ಹೇಳುತ್ತಿದ್ದರು. "ಪಿತ್ತ ಏರೇತಿ ಅವರಿಗೆ. ಲಿಂಬಿಹಣ್ಣಿನ ನೀರ ಎರಡು ಹೊತ್ತು ಕುಡಿಯಾಕ ಹೇಳ." ಅಪ್ಪ ಮನಸಾರೆ ಒಪ್ಪಿದ. ಬೆಳಿಗ್ಗೆ ಕುಡಿದು ಹೊಟ್ಟೆ ತೊಳೆಸಿದರೆ, ಆ ತೊಳಸಿಗೆ ಮದ್ದೆಂದು ಸಂಜೆ ಮತ್ತೊಮ್ಮೆ ಅದನ್ನೇ ಕುಡಿಯುತ್ತಿದ್ದ. ಸಂಜೆಯೂ ತೊಳೆಸಿದರೆ ಬೆಳಿಗ್ಗೆಗೆ ಇನ್ನೊಂದು ಹೋಳು ಜಾಸ್ತಿ. ಸಂತೆಯಲ್ಲಿ ಲಿಂಬೆಹಣ್ಣು ಆರಿಸುತ್ತಿದ್ದವಳು ನಾನೇ. ತೆಳು ಸಿಪ್ಪೆಯವು, ರಸ ಜಾಸ್ತಿ ಇರುವಂಥವು!

ಡಾಕ್ಟರು ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟರು. ಅದಕ್ಕೆ ಬಗ್ಗದಿದ್ದಾಗ ಗಂಭೀರವಾದರು. "ಹುಬ್ಬಳ್ಳಿಗೆ ಹೋಗಿ ಒಮ್ಮೆ ಹೊಟ್ಟಿಯೊಳಗ ದುರ್ಬೀನು ಬಿಟ್ಟು ನೋಡಿಸಿಬಿಡ್ರಿ. ವಯಸ್ಸಾಗೇತಿ, ಸುಮ್ನ ಬಿಡೂದು ಬ್ಯಾಡ."

ಹುಬ್ಬಳ್ಳಿ ಅಂದ ಕೂಡಲೇ ಅಪ್ಪ ಬೆನ್ನು ತಿರುಗಿಸಿ ಕೂತ. ನನ್ನ ಗಂಡ ಸಮಾಧಾನದಿಂದ ಹೇಳಿ ನೋಡಿದರು.

"ಮಾವಾರ, ಕಾರ್ ಮಾಡಸ್ತೇನಿ. ಬೆಳಿಗ್ಗೆ ಹೋಗಿ ಸಂಜೀಕೆ ಬಂದುಬಿಡೂಣ."

"ಬ್ಯಾಡ್ರಿ ಅಳಿಯಂದ್ರ. ನನಗ ಗೊತ್ತೈತಿ ಅದೇನಂತ." ಆಮೇಲೆ ನನ್ನ ಕಡೆ ನೋಡಿ, ಬಸ್ಸಿನ ಟೈಮು ಹೇಳುವವನಂತೆ ಹೇಳಿದ. "ನಿಮ್ಮವ್ವಗೂ ಹಿಂಗ ಸುರು ಆಗಿತ್ತು. ನಾನೂ ಅದ ದಾರಿ ಹಿಡದೇನಿ. ಹಿಡೀಲಿ ಬಿಡು. ಚಲೋನ ಆತು."

ಚಲೋನ ಆತಂತೆ! ನನಗೆ ಸಿಟ್ಟು ನೆತ್ತಿಗೇರಿತು. "ನಿಂಗ ಚಲೋ ಆಗ್ತೈತಿ, ನಮಗ?" ಎಂದು ಕೂಗಾಡಿ, ಕುಕ್ಕರಿನ ಮುಚ್ಚಳ ಎಸೆದು, ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಅವ್ವನ ಮೊದಲ ವಾಂತಿಗಳನ್ನು ನಾವು ಪಿತ್ತವೆಂದು ಬಿಟ್ಟಿದ್ದೆವು. ಈಗ ಅಪ್ಪ ತಾನಾಗಿಯೇ ಬಿಡು ಅನ್ನುತ್ತಿದ್ದಾನೆ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಹೊರಡುವ ಅವಸರ ಇತ್ತು. ನನ್ನನ್ನು ಕೊಂದದ್ದು ಅದು.

ಮರುದಿನ ಲ್ಯಾಬಿನಲ್ಲಿ ಮೈಲುತುತ್ತದ ಪಾಠ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು, ನವಿಲಿನ ಕೊರಳಿನ ಬಣ್ಣದ ಹರಳು. ನನ್ನ ಇಡೀ ಲ್ಯಾಬಿನಲ್ಲಿ ಇಷ್ಟು ಚಂದದ ವಸ್ತು ಬೇರೆ ಇಲ್ಲ. ಗಾಜಿನ ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಹೋಗಿ ಹರಳು ಬೆಳ್ಳನೆಯ ಹಿಟ್ಟಾಗುತ್ತದೆ. ತಣ್ಣಗಾದ ಮೇಲೆ ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಹರಳನ್ನು ನೀರಿನಲ್ಲಿ ಕರಗಿಸಿ, ಅಮೋನಿಯಾ ಸುರಿಯುತ್ತ ಹೋದರೆ ಅದು ಇಳಕಲ್ಲ ಸೀರೆಯ ಒಡಲಿನ ಗಾಢ ನೀಲಿಗೆ ತಿರುಗುತ್ತದೆ. ಹುಡುಗಿಯರು 'ಹೋ' ಎಂದರು. ನಾನು ಎಷ್ಟು ವರ್ಷದಿಂದ ಮಾಡಿಸಿದರೂ ನನ್ನೊಳಗೂ ಒಂದು 'ಹೋ' ಏಳುತ್ತದೆ.

ಮುಂದಿನ ಬೆಂಚಿನವಳೊಬ್ಬಳು ಕೇಳಿದಳು. "ಮಿಸ್, ಇಷ್ಟ ಚಂದ ಐತ್ರಿ. ಇದು ವಿಷ ಹೆಂಗಾತ್ರಿ?"

ನನಗೆ ಬೇಕಾದದ್ದೇ ಅದು. ಸವಣೂರಿನ ಎಲೆತೋಟಗಳಲ್ಲಿ ಬಳ್ಳಿಗೆ ರೋಗ ಬಂದರೆ ಇದನ್ನೇ ಸುಣ್ಣದ ತಿಳಿಯೊಂದಿಗೆ ಬೆರೆಸಿ ಹೊಡೆಯುತ್ತಾರೆ, ರೋಗದ ಬೂಷ್ಟು ಸಾಯುತ್ತದೆ ಎಂದೆ. ಬೂಷ್ಟನ್ನು ಕೊಲ್ಲುವ ತಾಮ್ರ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ ಎಂದೆ. ನಮ್ಮ ಮೈಗೆ ತಾಮ್ರ ಬೇಕು, ಆದರೆ ಚೂರೇ ಚೂರು, ಅದು ಊಟದಲ್ಲೇ ಸಿಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದ ಲವಣ ಹೊಟ್ಟೆಗೆ ಬಿದ್ದರೆ ಹೊಟ್ಟೆಯ ಒಳಗೋಡೆ ಕೆರಳುತ್ತದೆ, ಒಳಗಿದ್ದದ್ದನ್ನೆಲ್ಲ ಹೊರಗೆ ಎಸೆಯುತ್ತದೆ. ಹಿಂದೆ ವಿಷ ಕುಡಿದವರಿಗೆ ವಾಂತಿ ಮಾಡಿಸಲು ವೈದ್ಯರು ಇದನ್ನೇ ಕುಡಿಸುತ್ತಿದ್ದರು, ಅದೇ ಅಪಾಯವೆಂದು ಆಮೇಲೆ ಬಿಟ್ಟರು. ತುಂಬ ಒಳಗೆ ಹೋದರೆ ರಕ್ತದ ಕಣ ಒಡೆಯುತ್ತದೆ, ಯಕೃತ್ತು, ಮೂತ್ರಪಿಂಡ ಕೆಡುತ್ತವೆ. ನಾನು ರಂಗೇರಿ ಹೇಳುತ್ತ ಹೋದೆ.

"ಮೊದಲ ಲಕ್ಷಣ ಏನಪಾ ಅಂದ್ರ, ಬಾಯಾಗ ಲೋಹದ ರುಚಿ. ಆಮ್ಯಾಲ ಹೊಟ್ಟಿ ತೊಳಸೂದು, ಹೊಕ್ಕಳ ಸುತ್ತ ಹಿಂಡೂದು, ವಾಂತಿ. ಮತ್ತ ಇದು ಮೈಲುತುತ್ತದಿಂದ ಅಷ್ಟ ಅಲ್ಲ, ತಾಮ್ರದ ಯಾವ ಲವಣದಿಂದಾದ್ರೂ ಆಗಬಹುದು. ಅದಕ್ಕ ಲ್ಯಾಬಿಗೇ ಬರಬೇಕಂತಿಲ್ಲ. ಬರೀ ತಾಮ್ರದ ಪಾತ್ರೆಯಾಗ ಹುಣಸಿಹುಳಿ, ಮಜ್ಜಿಗಿ, ಲಿಂಬಿ..."

ಹಿಡಿದಿದ್ದ ಪ್ರನಾಳವನ್ನು ಸ್ಟ್ಯಾಂಡಿನಲ್ಲಿ ಇಟ್ಟೆ. ಹಿತ್ತಾಳೆ ಸೌಟು. ಹೊಕ್ಕುಳು. ಬೆಳಗಿನ ಬಚ್ಚಲು. ನಾನು ವರ್ಷಾನುಗಟ್ಟಲೆ ಗಿಳಿಯಂತೆ ಒಪ್ಪಿಸಿದ ಸಾಲುಗಳನ್ನು ನಮ್ಮಪ್ಪ ದಿನಾ ಬೆಳಿಗ್ಗೆ ನನಗೇ ಒಪ್ಪಿಸುತ್ತಿದ್ದ. "ಮಿಸ್, ಲಿಂಬಿ ಆದ್ರ ಏನಾಕ್ಕೈತ್ರಿ?" ಎಂದು ಅವಳು ಕೇಳಿದ್ದು ಕೇಳಿಸಿತು. ಲ್ಯಾಬನ್ನು ಜೊತೆಯ ಮೇಷ್ಟರಿಗೆ ಒಪ್ಪಿಸಿ, ಏಪ್ರನ್ ಬಿಚ್ಚುವುದನ್ನೂ ಮರೆತು ಸ್ಕೂಟಿ ಹತ್ತಿದೆ. ಅಡಿಕೆ ಚೀಲ ಹೇರಿದ ಟೆಂಪೋದವನೊಬ್ಬ ನನ್ನನ್ನು ಬಾಯಿ ತುಂಬ ಬೈದ, ಪಾಪ, ತಪ್ಪು ನನ್ನದೇ.

ಅಪ್ಪ ಪಡಸಾಲೆಯಲ್ಲಿ ಕೂತು ಎರಡನೇ ಡೋಸಿಗೆ ತಂಬಿಗೆ ಎತ್ತುತ್ತಿದ್ದ.

"ಅಪ್ಪಾ, ಇಡು ಕೆಳಗ!"

"ಯಾಕ?"

"ಅದರಾಗ ವಿಷ ಐತಿ."

ಅಪ್ಪನ ಮುಖ ಕೆಂಪಾಯಿತು. ಬೇನೆ ಬಂದಾಗಿನಿಂದ ಅವನಿಗೆ ಅಷ್ಟು ಸಿಟ್ಟು ಬಂದದ್ದು ನೋಡಿರಲಿಲ್ಲ. "ನಿಮ್ಮವ್ವನ ತಂಬಿಗ್ಯಾಗ ವಿಷ ಅಂತೀಯೇನು? ನಾಲಿಗಿ ಬಿಗಿ ಹಿಡಿ. ಮದುವಿ ಆದಾಗಿಂದ ಇದರಾಗ ಲಿಂಬಿನೀರ ಕುಡದೇನಿ. ಅವತ್ತೆಲ್ಲ ಆಗದ್ದು ಇವತ್ತ ಆಕ್ಕೈತೇನು? ಆಧಾರ ಏನು?"

ಇದು ಸರಿಯಾದ ಪ್ರಶ್ನೆ. ನಾನೂ ಅದನ್ನೇ ಕೇಳಿಕೊಂಡೆ. ಹೌದಲ್ಲ, ಇಷ್ಟು ವರ್ಷ ಯಾಕೆ ಆಗಲಿಲ್ಲ? ತಂಬಿಗೆಯನ್ನು ಅವನ ಕೈಯಿಂದ ಕಸಿದು, ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಒಳಗೆ ನೋಡಿದೆ. ಕೆಂಪು. ನೀರಿನ ಅಂಚು ತಾಗುವಲ್ಲಿ ಹಸಿರು ಕಿಲುಬಿನ ಗೆರೆ.

"ಕಲಾಯಿ ಎಲ್ಲಿ ಹೋತು?"

"ತಿಕ್ಕಿ ತಗದೆ," ಎಂದ ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. "ಅದು ಅಡ್ಡ ಕುಂತಿತ್ತು." ತಲಾಠಿ, ವಾಟ್ಸಾಪು, ಪಾಲಿಶ್ ಕಾಗದ ಎಲ್ಲ ಕಥೆಯೂ ಆಗ ಹೊರಬಿತ್ತು.

ನಾನು ತಲೆ ಚಚ್ಚಿಕೊಂಡೆ. ಸಾವಿರ ವರ್ಷದ ಹಿಂದಿನ ಸವೆದ ಅಕ್ಷರ ಓದುವ ಮನುಷ್ಯನಿಗೆ ತನ್ನ ತಂಬಿಗೆಯೊಳಗಿನ ಹಸಿರು ಗೆರೆ ಕಾಣಲಿಲ್ಲ. ಲಿಂಬೆಯ ಹುಳಿ, ಮೇಲಿನ ಗಾಳಿ ಎರಡೂ ಸೇರಿ ತಾಮ್ರವನ್ನು ಕರಗಿಸುತ್ತವೆ, ಉಪ್ಪು ಆ ಕೆಲಸವನ್ನು ಚುರುಕು ಮಾಡುತ್ತದೆ, ಒಂದಿಡೀ ಇರುಳು ಬಿಟ್ಟರೆ ಬೇಕಾದಷ್ಟು ಲವಣ ಇಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಅಪ್ಪ ಕೈಕಟ್ಟಿ ಕೂತು ಕೇಳಿ, "ಇದು ನಿನ್ನ ಹೇಳಿಕಿ ಆತು. ಆಧಾರ ತೋರ್ಸು," ಎಂದ.

ತೋರಿಸಿದೆ. ಗಂಡನ ಹತಾರದ ಡಬ್ಬಿಯಿಂದ ಎರಡು ಕಬ್ಬಿಣದ ಮೊಳೆ ತೆಗೆದು, ಅಪ್ಪನೇ ತಂದ ಪಾಲಿಶ್ ಕಾಗದದಿಂದ ತಿಕ್ಕಿ ಹೊಳಪು ಮಾಡಿದೆ. ಒಂದನ್ನು ತಂಬಿಗೆಯ ನೀರಿದ್ದ ಗಾಜಿನ ಲೋಟದಲ್ಲಿ ಹಾಕಿದೆ. ಇನ್ನೊಂದು ಲೋಟದಲ್ಲಿ ಅದೇ ಆಗ ಹಿಂಡಿದ ಲಿಂಬೆನೀರು, ಅದಕ್ಕೂ ಚಿಟಿಕೆ ಉಪ್ಪು, ಅದರಲ್ಲಿ ಇನ್ನೊಂದು ಮೊಳೆ. ನೀರಿನಲ್ಲಿ ತಾಮ್ರ ಕರಗಿದ್ದರೆ ಅದು ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ತಾನು ಕರಗಿ ಜಾಗ ಬಿಟ್ಟುಕೊಡುತ್ತದೆ. ಇದು ಎಂಟನೇ ಇಯತ್ತೆಯ ಮಕ್ಕಳಿಗೂ ಗೊತ್ತು ಎಂದೆ. ಇತಿಹಾಸದ ಮಾಸ್ತರರಿಗೆ ಅದು ನಾಟಿದ್ದು ಕಂಡು ನನಗೆ ಖುಷಿಯಾಯಿತು.

"ನೀ ಮುಟ್ಟಬ್ಯಾಡ. ದೂರ ಕುಂದ್ರು," ಎಂದು ಅಪ್ಪ ಎರಡೂ ಲೋಟಗಳನ್ನು ತನ್ನ ಮುಂದೆ ಎಳೆದುಕೊಂಡ. "ನಿನ್ನ ಕೈಚಳಕ ನಡೆಯೂದಿಲ್ಲ ಇಲ್ಲಿ."

ಕೂತೆವು. ಚಹಾ ಆಯಿತು. ಏನೂ ಆಗಲಿಲ್ಲ. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇನ್ನಷ್ಟು ಹೊತ್ತಾಯಿತು, ನನಗೇ ಒಳಗೊಳಗೆ ಅಳುಕು. ಕೆಮಿಸ್ಟ್ರಿ ಕೈಕೊಟ್ಟರೆ ಅಪ್ಪ ಮತ್ತೆ ಆ ತಂಬಿಗೆಯನ್ನೇ ಎತ್ತುತ್ತಾನೆ, ಹುಬ್ಬಳ್ಳಿಗಂತೂ ಬರುವುದಿಲ್ಲ. ಗಂಡ ಆಫೀಸಿನಿಂದ ಬಂದು, ಅಪ್ಪ ಮಗಳು ಇಬ್ಬರೂ ಎರಡು ಲೋಟದ ಮುಂದೆ ಧ್ಯಾನಕ್ಕೆ ಕೂತದ್ದು ಕಂಡು, ಏನೂ ಕೇಳದೆ ಅಡುಗೆಮನೆಗೆ ಹೋಗಿ ತಾವೇ ಅನ್ನಕ್ಕಿಟ್ಟರು. ಜಾಣರು.

ಬಿಸಿಲು ಕಿಟಕಿ ಬಿಟ್ಟು ಹೋಗುವ ಹೊತ್ತಿಗೆ ಅಪ್ಪ ಭೂತಗನ್ನಡಿ ತರಿಸಿದ. ತಂಬಿಗೆ ನೀರಿನ ಮೊಳೆಯನ್ನು ಎತ್ತಿ ಬೆಳಕಿಗೆ ಹಿಡಿದ. ಮೊಳೆಯ ಮೈ ಕೆಂಪೇರಿತ್ತು.

"ಇದು ತುಕ್ಕು."

"ತುಕ್ಕಾಗಿದ್ರ ಪುಡಿ ಆಗಿ ಉದರಬೇಕು. ಬಟ್ಟಿಯಿಂದ ಒರಸು, ನೋಡೂಣ."

ಒರೆಸಿದ. ಉದುರಲಿಲ್ಲ. ಒರೆಸಿದಂತೆ ಹೊಸ ತಾಮ್ರದ ಬಣ್ಣ ಮಿಂಚಿತು. ಇನ್ನೊಂದು ಲೋಟದ ಮೊಳೆ ಎತ್ತಿದ. ಅದು ಬೂದು ಬಣ್ಣ, ಕಬ್ಬಿಣ ಕಬ್ಬಿಣವೇ. ಅಪ್ಪ ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು, ಆಡೂರಿನ ಕಲ್ಲಿನ ಮುಂದೆ ಕೂತಂತೆ ಬಹಳ ಹೊತ್ತು ನೋಡಿದ.

"ಆಧಾರ ಐತಿ," ಎಂದ ಕೊನೆಗೆ. ಆಮೇಲೆ ಮೆಲ್ಲಗೆ ಕೇಳಿದ. "ಅಂದ್ರ, ನಂದು ನಿಮ್ಮವ್ವನ ಬ್ಯಾನಿ ಅಲ್ಲೇನು?"

"ಅಲ್ಲೋ ಮಾರಾಯಾ! ನಿಂದು ತಲಾಠಿ ಬ್ಯಾನಿ."

ಅಪ್ಪ ನಗಲಿಲ್ಲ. ಅಳಲೂ ಇಲ್ಲ. ಹೊರಟು ನಿಂತವನನ್ನು ಬಸ್ ಸ್ಟ್ಯಾಂಡಿನಿಂದ ವಾಪಸ್ಸು ಕರೆತಂದ ಹಾಗಿತ್ತು ಅವನ ಮುಖ. ನನಗೆ ಮಾತ್ರ ನಗು, ಅಳು ಎರಡೂ ಒಟ್ಟಿಗೆ ಬಂದು, ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡೆ.

ಲಿಂಬೆನೀರು ನಿಂತಿತು, ವಾಂತಿಯೂ ನಿಂತಿತು. ಡಾಕ್ಟರು ಕಥೆ ಕೇಳಿ ಕನ್ನಡಕ ತೆಗೆದು ನಕ್ಕರು, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಯಕೃತ್ತಿಗೆ ಪೆಟ್ಟು ಬಿದ್ದಿಲ್ಲವೆಂದು ನೋಡಿ, ಅಪ್ಪನನ್ನು ಚೆನ್ನಾಗಿ ಬೈದರು. ಅಪ್ಪ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೇಳಿ ತಿಂದ. ಕೆಂಪು ಮೊಳೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕೆರೆ ದಂಡೆಗೆ ಹೋದ. ಅವತ್ತಿನಿಂದ ಅಲ್ಲಿ ಯಾರಾದರೂ ಬಾಟಲಿಯಲ್ಲಿ ಲಿಂಬೆ, ಜೇನು ಎಂದು ಏನಾದರೂ ಹಾಕಿದರೆ ಅಪ್ಪ ಮೊಳೆ ಹೊರಗೆ ತೆಗೆಯುತ್ತಿದ್ದ. ತಲಾಠಿಯವರು ವಾಕಿಂಗಿನ ಹೊತ್ತನ್ನೇ ಬದಲಿಸಿಕೊಂಡರು.

ಆದರೆ ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಅಡುಗೆಮನೆಗೆ ಬಂದು, ಕಪಾಟಿನ ಮೇಲೆ ಎತ್ತಿಟ್ಟ ತಂಬಿಗೆಯನ್ನು ನೋಡಿ ಸುಮ್ಮನೆ ಹೋಗುತ್ತಿದ್ದ. ಸ್ಟೀಲಿನ ಲೋಟದಲ್ಲಿ ಲಿಂಬೆನೀರು ಕೊಟ್ಟರೆ ಅರ್ಧ ಬಿಡುತ್ತಿದ್ದ. ಅದಕ್ಕೆ ಔಷಧ ನನ್ನ ಲ್ಯಾಬಿನಲ್ಲಿ ಇರಲಿಲ್ಲ. ತಂಬಿಗೆಗೆ ಕಲಾಯಿ ಆಗಬೇಕಿತ್ತು.

ಈ ಕಾಲದಲ್ಲಿ ಕಲಾಯಿ ಹಾಕುವವರನ್ನು ಹುಡುಕಿ ನೋಡಿ. ಹಾನಗಲ್ಲಿನ ಪಾತ್ರೆ ಅಂಗಡಿಯವರು 'ಈಗ ಯಾರ ಹಾಕಸ್ತಾರ್ರಿ' ಎಂದು ನಕ್ಕರು. ಶಿಗ್ಗಾವಿಯಲ್ಲಿ ಒಬ್ಬರಿದ್ದಾರೆಂದು ಹೋದರೆ ಅವರು ಕಲಾಯಿ ಬಿಟ್ಟು ಮೊಬೈಲ್ ಕವರು ಮಾರುತ್ತಿದ್ದರು. "ಸವಣೂರಿಗೆ ಹೋಗ್ರಿ. ಅಲ್ಲಿ ಚಾಚಾ ಒಬ್ರು ಇನ್ನೂ ಮಾಡ್ತಾರ," ಎಂದರು. ಸವಣೂರು ಅಂದ ಕೂಡಲೇ ಅಪ್ಪ ತಂಬಿಗೆಯನ್ನು ಎದೆಗೆ ಒತ್ತಿಕೊಂಡ. ಅವ್ವ ಹೋದ ಮೇಲೆ ಅವನು ಆ ಊರಿನ ಬಸ್ಸು ಹತ್ತಿರಲಿಲ್ಲ. ಆದರೂ ಹತ್ತಿದ, ತಂಬಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ.

ಅವ್ವನ ತವರಿನ ಓಣಿಯ ತುದಿಯಲ್ಲೇ ಚಾಚಾನ ಅಂಗಡಿ. ಈಗ ಅವರ ಮುಖ್ಯ ಕೆಲಸ ಕುಕ್ಕರಿನ ಸೀಟಿ, ಗ್ಯಾಸ್ ಒಲೆಯ ಬರ್ನರು. ಕಲಾಯಿಯ ಇದ್ದಿಲ ಒಲೆ ಮೂಲೆಯಲ್ಲಿತ್ತು, ಅದಕ್ಕೆ ಗಾಳಿ ಊದಲು ತಿದಿಯ ಬದಲು ಸೊಸೆಯ ಕೂದಲು ಒಣಗಿಸುವ ಮಷೀನು! ಅಪ್ಪ ಚೀಲದಿಂದ ತಂಬಿಗೆ ತೆಗೆದ. ಚಾಚಾ ನಮ್ಮ ಮುಖ ನೋಡಲಿಲ್ಲ, ಕೊರಳ ಹತ್ತಿರದ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ನಮ್ಮ ಓಣಿ ಅಕ್ಕಾರ ತಂಬಿಗಿ ಅಲ್ಲೇನ್ರಿ? ಅಕ್ಕಾರು ಹೆಂಗದಾರ?"

"ತೀರಿಕೊಂಡ್ಲು," ಎಂದ ಅಪ್ಪ.

ಚಾಚಾ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ತಂಬಿಗೆಯೊಳಗೆ ಇಣುಕಿದವರು ಹೌಹಾರಿದರು. "ಅರೆ! ಕಲಾಯಿ ಎಲ್ಲಿ ಹೋತ್ರಿ ಇದರದು? ಇಷ್ಟ ಬೇಗ ಹೋಗೂದಲ್ಲ ಅದು. ಕಡೀ ಸಲ ಬಂದಾಗ ಅಕ್ಕಾರು ಭಾಳ ಸೊರಗಿದ್ರು. ಈ ಕಟ್ಟಿ ಮ್ಯಾಲ ಕುಂತು ಹೇಳಿದ್ರು. 'ಈ ಸಲ ದಪ್ಪ ಹಾಕೋ ತಮ್ಮಾ. ಮುಂದಿನ ಸಲ ನಾ ಬರೂದು ಆಕ್ಕೈತೋ ಇಲ್ಲೋ. ನಮ್ಮ ಮನಿಯವರು ಬರೂದಿಲ್ಲ, ಅವರಿಗೆ ಇದೆಲ್ಲ ಗೊತ್ತಾಗೂದಿಲ್ಲ. ಅವರು ಇರೂತನ ಬಾಳಬೇಕು, ಹಂಗ ಹಾಕು.' ನಾ ಎರಡೆರಡು ಸಲ ಹಾಕಿ ಕೊಟ್ಟಿದ್ದೆ."

ನಾನು ಅಪ್ಪನ ಕಡೆ ನೋಡಲು ಹೆದರಿದೆ. ಹಿತ್ತಲಕಟ್ಟೆಯ ಮೇಲಿನ ಅವನ ಗೊಣಗಾಟ ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಎಂಥ ದಪ್ಪ ಬಳದಾನೋ, ಹೋಗವಲ್ದು.

"ನಾನ ತಿಕ್ಕಿ ತಗದೆ," ಎಂದ ಅಪ್ಪ. ಕಟ್ಟೆಯ ಮೇಲೆ, ಅವ್ವ ಕೂತಿದ್ದ ಜಾಗದಲ್ಲೇ ಇರಬೇಕು, ಕುಸಿದು ಕೂತ. "ಅಕಿ ನನಗಂತ ಹಾಕಿಸಿಟ್ಟಿದ್ದನ್ನ ನಾನ ಕುಂತು, ಕೈ ನೋಯಿಸ್ಕೊಂಡು ತಿಕ್ಕಿ ತಗದೇನಿ." ಅವ್ವ ಹೋದ ದಿನವೂ ಅಳದ ಅಪ್ಪ, ಕುಕ್ಕರುಗಳ ನಡುವೆ, ಹಾಡುಹಗಲಲ್ಲೇ ಗೊಳೋ ಎಂದು ಅತ್ತ. ಚಾಚಾ ಎದ್ದು ಹೋಗಿ ನೀರು ತಂದುಕೊಟ್ಟರು. ಸ್ಟೀಲಿನ ಲೋಟದಲ್ಲಿ. ಅಪ್ಪ ಪೂರ್ತಿ ಕುಡಿದ.

ಆಮೇಲೆ ಕೆಲಸ ಶುರುವಾಯಿತು. ಚಾಚಾ ತಂಬಿಗೆ ಕಾಯಿಸಿ, ತಾಮ್ರದ ಮೈ ಶುದ್ಧವಾಗಲೆಂದು ನವಸಾಗರದ ಪುಡಿ ಉದುರಿಸಿದರು. ಬೆಳ್ಳನೆ ಹೊಗೆ ಎದ್ದಿತು. ಆ ಹೊಗೆ ಎದೆಗೆ ಒಳ್ಳೆಯದಲ್ಲ, ಗಾಳಿಯ ಈ ಕಡೆ ಬಂದು ನಿಲ್ಲಿರಿ ಎಂದು ನಾನು ಇಬ್ಬರನ್ನೂ ಗದರಿಸಿದೆ. ಅಷ್ಟಕ್ಕೆ ಬಿಡದೆ, "ಚಾಚಾ, ಟಿನ್ನಿನಾಗ ಸೀಸ ಬೆರಸಿಲ್ಲ ಹೌದಿಲ್ಲೋ? ಅದು ತಾಮ್ರಕ್ಕಿಂತ ಕೆಟ್ಟದ್ದು," ಎಂದು ಕೇಳಿದೆ.

"ತೋಬಾ ತೋಬಾ! ಸೀಸ ಹಾಕಿದ್ರ ನನ್ನ ಕೈ ಸೇದಿಹೋಗ್ಲಿ," ಎಂದು ಚಾಚಾ ಕಣ್ಣು ಕೆಂಪಗೆ ಮಾಡಿದರು.

"ಅಕಿ ಹಂಗ, ಮೇಷ್ಟ್ರಮ್ಮ. ಎಲ್ಲಾದಕ್ಕೂ ಆಧಾರ ಕೇಳ್ತಾಳು," ಎಂದ ಅಪ್ಪ, ಮೂಗು ಒರೆಸಿಕೊಳ್ಳುತ್ತ. ನೋಡಿ, ಯಾರು ಯಾರಿಗೆ ಹೇಳುವ ಮಾತು!

ಬಿಸಿ ತಾಮ್ರಕ್ಕೆ ಟಿನ್ನಿನ ಕಡ್ಡಿ ತಾಗಿಸಿ, ಅರಳೆಯಿಂದ ಗರಗರ ತಿರುಗಿಸುತ್ತಿದ್ದಂತೆ ಕೆಂಪಿನ ಮೇಲೆ ಬಿಳುಪು ಹರಡಿತು. ನೀರಿನಲ್ಲಿ ಅದ್ದಿದಾಗ ಚುಂಯ್ ಎಂದಿತು. ಚಾಚಾ ಕೇಳಿದರು. "ಸಾಕಲ್ರಿ?"

"ಇನ್ನೊಂದು ಸಲ ಹಾಕ್ರಿ," ಎಂದ ಅಪ್ಪ. "ದಪ್ಪ ಇರ್ಲಿ."

ಈಗ ಬೆಳಿಗ್ಗೆ ಎದ್ದು ತಂಬಿಗೆಗೆ ಲಿಂಬೆ ಹಿಂಡುವವನು ಅಪ್ಪನೇ. ಹಿಂಡಿದ ಕೂಡಲೇ ಕುಡಿಯುತ್ತಾನೆ, ಕುಡಿದ ಕೂಡಲೇ ತೊಳೆಯುತ್ತಾನೆ, ಮೆತ್ತನೆಯ ಬಟ್ಟೆಯಿಂದ ಒರೆಸಿ ಬೋರಲು ಹಾಕುತ್ತಾನೆ. ಬೂದಿ, ಪಾಲಿಶ್ ಕಾಗದ ಅದರ ಹತ್ತಿರ ಸುಳಿಯುವಂತಿಲ್ಲ. ನಾನು ಮುಟ್ಟಿದರೂ ಬೈಗುಳ.

ಈ ಸಲ ಯುಗಾದಿ ಹತ್ತಿರ ಬಂದಾಗ ತಂಬಿಗೆಯ ಒಳಮೈ ಎಲ್ಲೂ ಮಾಸಿರಲಿಲ್ಲ. ನಾನು ದಿನಾ ನೋಡುತ್ತೇನಲ್ಲ, ನನಗೆ ಗೊತ್ತು. ಬೆಳಿಗ್ಗೆ ಪೇಪರು ಓದುತ್ತ ಕೂತಿದ್ದ ಅಪ್ಪ ಗಂಟಲು ಸರಿ ಮಾಡಿಕೊಂಡ.

"ಏನವಾ, ಕಲಾಯಿ ಆಗ್ಬೇಕಲಾ."

ನನ್ನ ಬಾಯಿಂದ ಮಾತು ತಾನಾಗಿಯೇ ಬಂತು. "ಸವಣೂರಿಗೆ ಹೋಗಾಕ ನಿನಗೊಂದು ನೆವ ಬೇಕು, ನೋಡು."

ಅಪ್ಪ ಪೇಪರು ಮಡಚಿಟ್ಟ.

"ಹೂಂ, ಬೇಕು," ಎಂದ. "ಏನೀಗ?"